ಗಾಜಿನ ತೊಟ್ಟಿಯಲ್ಲಿ ಜಲವನ

ಮೀನನ್ನು ಸಾಕುವವನು ಮೊದಲು ನೀರನ್ನು ಸಾಕಬೇಕು. ಈ ಪಾಠವನ್ನು ನಾನು ತಡವಾಗಿ ಕಲಿತೆನು. ಹಿಂದೊಮ್ಮೆ ಮಕ್ಕಳ ಒತ್ತಾಸೆಯಿಂದ ತೊಟ್ಟಿಯೊಂದನ್ನು ಅಣಿಗೊಳಿಸಿ, ಮರುದಿನವೇ 12 ಮೀನುಗಳನ್ನು ಬಿಡಿಸಿದವನು ನಾನೇ. ವಾರ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. “ಗುರುಗಳೇ, ನೀರು ತಿಳಿಯಾಗಿಯೇ ಇದೆಯಲ್ಲ, ಮೀನೇಕೆ ಸತ್ತವು?” ಎಂದು ಬಾಲಕನೊಬ್ಬನು ಕೇಳಿದನು. ನಾನೋದಿದ ವ್ಯಾಕರಣದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ, ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟಾದರೋ ಮಿತವಾಗಿದ್ದರೆ ಮೀನಿಗೆ ಬಾಧಕವಲ್ಲ, ಸಸ್ಯಕ್ಕೆ ಆಹಾರ. ಈ ಸೂಕ್ಷ್ಮಾಣುಗಳು ಮರಳಿನಲ್ಲಿಯೂ ನೀರು ಸೋಸುವ ಯಂತ್ರದಲ್ಲಿಯೂ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ದಿನ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರವನ್ನು ಹಾಕುತ್ತ ಕಾಯಬೇಕು.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಸ್ಮರಣೀಯ. ಹೊಂಬಣ್ಣದ ಮೀನುಗಳೊಡನೆ ಆತನು ವ್ಯಾಲಿಸ್ನೇರಿಯವೆಂಬ ನೀರುಸಸ್ಯವನ್ನು ಇರಿಸಿದನು. ಕೊಳೆತ ಎಲೆಗಳಿಂದ ನೀರು ಕದಡಿತು. ಕೊಳದ ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆತುದನ್ನು ತಿಂದು, ನೀರು ತಿಳಿಯಾಯಿತು. ಒಂದರ ಉಳಿಕೆಯೇ ಇನ್ನೊಂದರ ಊಟ.

ರಚನೆಯ ಕ್ರಮವಿದು: ತಳದಲ್ಲಿ ಸತ್ತ್ವವುಳ್ಳ ಮಣ್ಣು, ಅದರ ಮೇಲೆ ಒಂದಂಗುಲ ದಪ್ಪ ಮರಳು, ಹಿಂಬದಿ ಎತ್ತರವಾಗಿಯೂ ಮುಂಬದಿ ತಗ್ಗಾಗಿಯೂ ಇರಲಿ. ಹಿಂದೆ ವ್ಯಾಲಿಸ್ನೇರಿಯ, ನಡುವೆ ಕ್ರಿಪ್ಟೊಕೊರಿನ್, ಮುಂದೆ ಕುಳ್ಳ ಸಸ್ಯಗಳು. ಮೊದಲ ದಿನವೇ ದಟ್ಟವಾಗಿ ನೆಟ್ಟರೆ ಗೊಬ್ಬರದ ಅಂಶವೆಲ್ಲ ಗಿಡಗಳ ಪಾಲಾಗಿ ಪಾಚಿಗೆ ಎಡೆ ದೊರೆಯದು. ದೀಪದ ಬೆಳಕು ದಿನಕ್ಕೆ 6ರಿಂದ 8 ಗಂಟೆ ಸಾಕು. ನೇರ ಬಿಸಿಲು ಬೇಡ. ಮೀನುಗಳನ್ನು ಎರಡು ಮೂರರಂತೆ ಬಿಡಬೇಕು, ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು, ಕ್ಲೋರಿನ್ ಕಳೆದ ನೀರಿನಿಂದ, ಬದಲಿಸಬೇಕು. ಹಳದಿಯಾದ ಎಲೆಯನ್ನು ಕತ್ತರಿಸಬೇಕು.

ಕತ್ತರಿಸಿದ ಗಿಡಗಳನ್ನು ಕೆರೆಗೆ ಎಸೆಯಲಾಗದು. ದಕ್ಷಿಣ ಅಮೆರಿಕದಿಂದ ಬಂದ ನೇರಳೆ ಹೂವಿನ ಅಂತರಗಂಗೆಯು ನಮ್ಮ ಕೆರೆಗಳನ್ನು ಆವರಿಸಿರುವುದನ್ನು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ.

ಎರಡನೆಯ ತೊಟ್ಟಿಗೆ ಮಕ್ಕಳು ಐದು ವಾರ ಕಾದರು; ಬಿಟ್ಟ ಮೂರು ಮೀನುಗಳೂ ಉಳಿದವು. ಪ್ರಶ್ನೆ ಕೇಳಿದ ಬಾಲಕನೇ ಈಗ ಇತರರಿಗೆ ಉತ್ತರ ಹೇಳುತ್ತಾನೆ.