ಕೂಸಿನ ಮೇಲೆ ಬೀಳುವ ಮಾತು

ನಿಂದೆಸ್ತುತಿಗಳೆರಡರಲ್ಲಿಯೂ ಸಮಚಿತ್ತದಿಂದಿರಬೇಕೆಂಬುದು ಶರಣರ ಉಪದೇಶ. ಅಕ್ಕಮಹಾದೇವಿಯೂ ಅದನ್ನೇ ಹೇಳಿರುವಳು. ಭಕ್ತನಾದವನು ತನ್ನನ್ನು ಬೈದವನೊಡನೆ ಜಗಳಕ್ಕೆ ನಿಲ್ಲನು. ಆದರೆ ಬೈಗುಳವು ತನ್ನ ಮೇಲೆ ಬೀಳದೆ, ತಿರುಗಿ ಮಾತನಾಡಲರಿಯದ ತನ್ನ ಕೂಸಿನ ಮೇಲೆ ಬಿದ್ದರೆ ಆಗ ಮಾಡತಕ್ಕದ್ದೇನು? ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯುಳ್ಳ ಮಗು ಹುಟ್ಟಿದ ಮನೆಯಲ್ಲಿ ಈ ಪ್ರಶ್ನೆಯು ದಿನನಿತ್ಯವೂ ಏಳುವುದು.

ಬೀದರದ ಪೇಟೆಯಲ್ಲಿ, ಭಾಲ್ಕಿಯ ಬಸ್ ನಿಲ್ದಾಣದಲ್ಲಿ, ಔರಾದದ ಅಮರೇಶ್ವರ ಜಾತ್ರೆಯಲ್ಲಿ ಅಂತಹ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಡೆಯುವ ತಾಯಿಗೆ ಮೂರು ಭಾಷೆಗಳಲ್ಲಿ ಮಾತು ಕೇಳಿಸುವುದು. ಗಡಿನಾಡಿನ ಭಾಗ್ಯವೇ ಅದು! ಕನ್ನಡದಲ್ಲಿ ಹುಚ್ಚ, ಉರ್ದುವಿನಲ್ಲಿ ಪಾಗಲ್, ಮರಾಠಿಯಲ್ಲಿ ವೇಡಾ. ಇವು ಹೊರಗಿನವರ ಮಾತುಗಳು, ದಾರಿಯಲ್ಲಿಯೇ ಉಳಿಯುತ್ತವೆ. ಮನೆಯೊಳಗೆ ಬರುವ ಮಾತುಗಳು ಬೇರೆ. "ಯವ್ವಾ, ಈ ಕೂಸು ಯಾಕ ಹಿಂಗದ?" "ಗ್ರಹಣದಾಗ ಏನರೆ ಹೆಚ್ಚಿದ್ದೇನು?" "ನಿನ್ನ ತವರಮನ್ಯಾಗ ಯಾರಿಗರೆ ಹಿಂಗ ಇತ್ತೇನು?" ತೊಟ್ಟಿಲ ಬಳಿ ಕುಳಿತು ಮರುಕದಿಂದಲೇ ಆಡುವ ಈ ಮಾತುಗಳು ಬೈಗುಳಕ್ಕಿಂತ ಹೆಚ್ಚು ದಿನ ನೋಯಿಸುತ್ತವೆ. ಅವುಗಳೊಳಗೆ ಅಪರಾಧಿ ಯಾರೆಂಬ ಹುಡುಕಾಟವಿದೆ. ಆ ಹುಡುಕಾಟವು ಸಾಮಾನ್ಯವಾಗಿ ತಾಯಿಯ ಬಳಿಗೇ ಬಂದು ನಿಲ್ಲುವುದು.

ಆದುದರಿಂದ ಮೊದಲು ತಿಳಿಯಬೇಕಾದುದು ಕಾರಣವನ್ನು. ಮನುಷ್ಯ ದೇಹದ ಪ್ರತಿ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಎಂದರೆ 23 ಜೋಡಿಗಳು ಇರುತ್ತವೆ. ಈ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಾಗಿರುವುದು. ಬಹುಪಾಲು ಇದು ಅಂಡಾಣು ರೂಪುಗೊಳ್ಳುವಾಗಲೇ ಆಗುವ ಹಂಚಿಕೆಯ ವ್ಯತ್ಯಾಸ. ಗರ್ಭಿಣಿಯು ಏನು ಉಂಡಳು, ಗ್ರಹಣದಲ್ಲಿ ಏನು ಮಾಡಿದಳು ಎಂಬುದಕ್ಕೆ ಇದರಲ್ಲಿ ಲೇಶವೂ ಪಾಲಿಲ್ಲ. ಸೋದರಿಕೆಯ ಮದುವೆಯಿಂದ ಬೇರೆ ಕೆಲವು ರೋಗಗಳು ಬರಬಹುದು. ಇದು ಅವುಗಳ ಸಾಲಿಗೆ ಸೇರಿದುದಲ್ಲ. ತಾಯಿಯ ವಯಸ್ಸು ಏರಿದಂತೆ ಸಂಭವವು ಹೆಚ್ಚುವುದು ನಿಜ: 25ರ ಪ್ರಾಯದಲ್ಲಿ ಸುಮಾರು 1,200 ಹೆರಿಗೆಗಳಿಗೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೂ ಹೆರುವವರಲ್ಲಿ ಎಳೆಯರೇ ಹೆಚ್ಚಾದುದರಿಂದ ಇಂತಹ ಮಕ್ಕಳ ತಾಯಂದಿರಲ್ಲಿಯೂ ಎಳೆಯರೇ ಹೆಚ್ಚು. ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ 21ನೆಯ ವರ್ಣತಂತುವಿನ ಭಾಗವು ಮತ್ತೊಂದಕ್ಕೆ ಅಂಟಿಕೊಂಡಿರುವ ಬಗೆಯಿದ್ದು, ಅವರಲ್ಲಿಯೂ ಕೆಲವರಿಗೆ ಮಾತ್ರ ಅದು ತಂದೆಯಿಂದಲೋ ತಾಯಿಯಿಂದಲೋ ಬಂದಿರುವುದು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಅಕ್ಕನ ಕನ್ಯೆ ಕೇಳಲು ಬಂದವರು "ಮನೆತನದ ದೋಷ" ಎಂದು ಹಿಂದೆಗೆಯುವಾಗ ಈ ಪರೀಕ್ಷೆಯ ಕಾಗದವು ನೂರು ವಾದಗಳಿಗಿಂತ ಮೇಲು.

ಮಾತಿನ ಗಾಯವನ್ನು ವಿಜ್ಞಾನವೂ ಮಾಡಿದ್ದುಂಟು. 1866ರಲ್ಲಿ ಈ ಸ್ಥಿತಿಯನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್, ಮಕ್ಕಳ ಮುಖಲಕ್ಷಣವನ್ನು ನೋಡಿ ಮಂಗೋಲ ಜನಾಂಗದ ಹೆಸರನ್ನೇ ಅವರಿಗಿಟ್ಟನು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವರ ಸಂಗಡಿಗರು ಹೆಚ್ಚುವರಿ ವರ್ಣತಂತುವನ್ನು ಪ್ರಕಟಿಸಿದರು. 1961ರಲ್ಲಿ ತಜ್ಞರು ಆ ಹಳೆಯ ಹೆಸರನ್ನು ಬಿಡಬೇಕೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1965ರಲ್ಲಿ ಮಂಗೋಲಿಯಾ ದೇಶವೇ ವಿಶ್ವ ಆರೋಗ್ಯ ಸಂಸ್ಥೆಯನ್ನು ಕೇಳಿಕೊಂಡಿತು. ಪಂಡಿತರು ಸುಮಾರು ನೂರು ವರ್ಷ ಆಡಿದ ಮಾತನ್ನು ಕೈಬಿಟ್ಟರೆಂದ ಮೇಲೆ ಓಣಿಯ ಮಾತನ್ನು ಬಿಡಿಸುವುದು ಅಸಾಧ್ಯವೇನಲ್ಲ.

ಇನ್ನು, "ಹಿಂದಿನ ಜನ್ಮದ ಕರ್ಮ" ಎಂಬ ಮಾತು. ಲಿಂಗವಂತರ ಮನೆಯಲ್ಲಿ ಇದನ್ನು ಆಡುವವರು ತಾವು ಕೊರಳಲ್ಲಿ ಧರಿಸಿದುದನ್ನು ಮರೆತಿರುವರು. ಜನನಸೂತಕವನ್ನೇ ಒಪ್ಪದ ಧರ್ಮದಲ್ಲಿ ಜನನದಿಂದಲೇ ಕಳಂಕಿತವಾದ ಕೂಸು ಎಲ್ಲಿಂದ ಬಂದಿತು? ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಪದ್ಧತಿಯುಂಟು. ಆಗ ಬುದ್ಧಿಯನ್ನು ಅಳೆದು ನೋಡುವವರು ಯಾರೂ ಇಲ್ಲ. ಈ ಕೂಸಿಗೆ ಕಟ್ಟಿದ ಲಿಂಗವು ಪಂಡಿತನ ಲಿಂಗಕ್ಕಿಂತ ಕಿರಿದಲ್ಲ. ಭಾಲ್ಕಿಯ ಹಿರೇಮಠ ಸಂಸ್ಥಾನದಲ್ಲಿ ಬಸವಲಿಂಗ ಪಟ್ಟದ್ದೇವರು ಹೆತ್ತವರು ತೊರೆದುಹೋದ ಕೂಸುಗಳನ್ನು ತಂದು ಸಾಕುತ್ತ ಬಂದುದನ್ನು ಜಿಲ್ಲೆಯವರೆಲ್ಲ ಬಲ್ಲರು. ಅಂತಹ ನೆಲದಲ್ಲಿ, ತನ್ನ ಕೂಸನ್ನು ಎದೆಗವಚಿಕೊಂಡು ಸಾಕುತ್ತಿರುವವಳಿಗೆ ಕರ್ಮದ ಲೆಕ್ಕ ಹೇಳುವುದು ಎಷ್ಟರ ಮಟ್ಟಿಗೆ ಸರಿ?

ಸಹನೆಯ ಉಪದೇಶವು ನಿಂದೆಗೆ ಗುರಿಯಾದವನ ಸ್ವಂತ ಅಹಂಕಾರಕ್ಕೆ ಸಂಬಂಧಿಸಿದುದು. ಅದನ್ನು ಹಿಡಿದು ತಾಯಿಗೆ "ಸುಮ್ಮನಿರು" ಎನ್ನುವುದು ಉಪದೇಶದ ದುರುಪಯೋಗ. ಏಕೆಂದರೆ ಕೂಸು ಕೇಳುತ್ತಿರುವುದು. ಈ ಮಕ್ಕಳು ಆಡಬಲ್ಲುದಕ್ಕಿಂತ ಹೆಚ್ಚನ್ನು ಅರ್ಥಮಾಡಿಕೊಳ್ಳುತ್ತಾರೆ. ನಾಲಗೆ ಹಿಂದುಳಿದ ಮಾತ್ರಕ್ಕೆ ಕಿವಿಯೂ ಮನಸ್ಸೂ ಹಿಂದುಳಿದಿವೆಯೆಂದು ಎಣಿಸಲಾಗದು. ತನ್ನನ್ನು ಹುಚ್ಚನೆಂದಾಗ ಅವ್ವ ತಲೆತಗ್ಗಿಸಿದಳೆಂಬುದು ಅದಕ್ಕೆ ಕಾಣುತ್ತದೆ. ಉತ್ತರ ಕೊಡಲೇಬೇಕು, ಬಸವಣ್ಣನವರು ಜಪತಪಗಳ ಸಾಲಿನಲ್ಲಿರಿಸಿದ ಮೃದುನುಡಿಯಲ್ಲಿಯೇ ಕೊಡಬೇಕು. ಮೃದು ಎಂದರೆ ಅಂಜಿಕೆಯ ಮಾತಲ್ಲ. ನಿಜವಾಗಿ ತಿಳಿಯಲಿಚ್ಛಿಸಿ ಕೇಳಿದ ನೆರೆಯವಳಿಗೆ, "ಇದು ಹುಟ್ಟಿನಿಂದ ಬಂದದ್ದು, ಅಕ್ಕಾ, ಯಾರ ತಪ್ಪೂ ಅಲ್ಲ. ನಿಧಾನ ಕಲಿತಾನ, ಆದರ ಕಲಿತಾನ" ಎಂದರೆ ಸಾಕು. ದಾರಿಹೋಕನಿಗೆ ಅಷ್ಟೂ ಬೇಡ. "ಅವನಿಗೆ ಹೆಸರದ" ಎಂದು ಹೇಳಿ ಮುಂದೆ ನಡೆಯಬಹುದು. ದಣಿದ ದಿನ ಏನನ್ನೂ ಹೇಳದೆ ಕೂಸನ್ನೆತ್ತಿಕೊಂಡು ಹೋದರೂ ಲೋಪವಿಲ್ಲ. ಆದರೆ ಅತ್ತೆ, ನಾದಿನಿ, ಕಾಕಾ ಇವರ ಮಾತಿಗೆ ಸೊಸೆಯೊಬ್ಬಳೇ ಉತ್ತರಿಸುವಂತೆ ಬಿಡುವುದು ಗಂಡನಿಗೆ ತಕ್ಕುದಲ್ಲ. ತನ್ನ ತಾಯಿಗೆ ತಿಳಿಹೇಳುವ ಕೆಲಸ ಮಗನದೇ. ವೈದ್ಯರ ಬಳಿಗೆ ಹೋಗುವಾಗ ಆ ಹಿರಿಯಳನ್ನೂ ಕರೆದೊಯ್ದು ಅವರ ಬಾಯಿಂದಲೇ ಕೇಳಿಸುವುದು ಇನ್ನೂ ಒಳ್ಳೆಯದು.

ಹೇಗಿದ್ದರೂ ವೈದ್ಯರ ಬಳಿಗೆ ಹೋಗಲೇಬೇಕು. ಇಂತಹ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಥೈರಾಯ್ಡ್, ಕಿವಿ, ಕಣ್ಣುಗಳ ಪರೀಕ್ಷೆಯೂ ಅವಶ್ಯ. "ಇಂಥಾದ್ದಕ್ಕ ಖರ್ಚು ಯಾಕ ಮಾಡತಿ?" ಎನ್ನುವವರ ಮಾತು ಕಟುನುಡಿಗಳಲ್ಲೆಲ್ಲ ಹೆಚ್ಚು ಅಪಾಯಕರವಾದುದು, ಏಕೆಂದರೆ ಅದನ್ನು ಕೇಳಿದರೆ ಚಿಕಿತ್ಸೆ ತಪ್ಪುವುದು. ಹೃದಯದ ಶಸ್ತ್ರಚಿಕಿತ್ಸೆ ಸುಲಭವಾಗಿ ದೊರೆಯುವ ದೇಶಗಳಲ್ಲಿ ಈ ಸ್ಥಿತಿಯುಳ್ಳವರು ಸರಾಸರಿ ಅರುವತ್ತರ ಸಮೀಪದವರೆಗೂ ಬಾಳುತ್ತಾರೆ.

ಮರುಕವೂ ತಿಳಿವಳಿಕೆಯೂ ಮುಟ್ಟದ ಕಡೆ ಕಾನೂನು ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 92ನೆಯ ಕಲಮಿನಂತೆ, ಸಾರ್ವಜನಿಕರ ಕಣ್ಣೆದುರು ಅಂಗವಿಕಲರನ್ನು ಹೀನಾಯಗೊಳಿಸಬೇಕೆಂಬ ಉದ್ದೇಶದಿಂದಲೇ ಅವಮಾನಿಸಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಅರಿಯದೆ ಆಡಿದ ಅಜ್ಜಿಯ ಮೇಲೆ ಇದನ್ನು ಎತ್ತಿ ಹಿಡಿಯುವುದು ಉಚಿತವಲ್ಲ. ದಿನವೂ ಬೇಕೆಂದೇ ಅಣಕಿಸುವವನಿಗೆ ಇದು ಗೊತ್ತಿರಲಿ. ಅದೇ ಅಧಿನಿಯಮದ ಪ್ರಕಾರ ಗಣನೀಯ ಪ್ರಮಾಣದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕು ಇದೆ.

ಶಾಲೆಯ ದಾರಿಯಲ್ಲಿ ಮಾತು ಕೇಳುವವರು ತಾಯಿತಂದೆಗಳಲ್ಲ, ಅಣ್ಣ ಅಕ್ಕಂದಿರು. ತಮ್ಮನನ್ನು ಕುರಿತು ಗೆಳೆಯರು ನಕ್ಕಾಗ ಹತ್ತು ವರ್ಷದ ಹುಡುಗ ಒಂದೋ ಕೈಯೆತ್ತುವನು, ಇಲ್ಲವೆ ಮರುದಿನದಿಂದ ತಮ್ಮನನ್ನು ಬಿಟ್ಟು ಬೇರೆ ಓಣಿಯಿಂದ ಹೋಗುವನು. ಅವನಿಗೂ ಕಾರಣವನ್ನು ಬಿಡಿಸಿ ಹೇಳಿರಬೇಕು. 21ನೆಯ ವರ್ಣತಂತುವಿನ ಸಂಗತಿ ಅವನ ವಯಸ್ಸಿಗೆ ಕಠಿಣವೇನಲ್ಲ. ಸಂಜೆ ಅವನು ಸಪ್ಪಗೆ ಮನೆಗೆ ಬಂದರೆ, ಯಾರು ಏನೆಂದರೆಂದು ತಾಯಿಯು ರೊಟ್ಟಿ ಬಡಿಯುತ್ತಲೇ ಕೇಳಿ, ಅವನು ಹೇಳುವುದನ್ನೆಲ್ಲ ಮುಗಿಯುವವರೆಗೆ ಕೇಳತಕ್ಕದ್ದು.