ಡಿಗಾಕ್ಸಿನ್ ಮಾತ್ರೆ: ಯಾರಿಗೆ ಹೆಚ್ಚು ಎಚ್ಚರ?

ಪ್ರಶ್ನೆ: ತಂದೆಗೆ 74 ವರ್ಷ. ಹೃದಯ ಬಡಿತದ ಏರುಪೇರಿಗೆ ಡಿಗಾಕ್ಸಿನ್, ಕಾಲಿನ ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ವಾರದಿಂದ ಊಟ ಸೇರುತ್ತಿಲ್ಲ, ವಾಕರಿಕೆಯೂ ಇದೆ. ಇದು ಗ್ಯಾಸ್ಟ್ರಿಕ್ಕೇ?

ಉತ್ತರ: ಹಾಗೆಂದು ನೀವೇ ತೀರ್ಮಾನಿಸಬೇಡಿ. ಡಿಗಾಕ್ಸಿನ್ ದೇಹದಲ್ಲಿ ಹೆಚ್ಚಾದಾಗ ಮೊದಲು ಕಾಣುವುದು ಸಾಮಾನ್ಯವಾಗಿ ಇವೇ ಲಕ್ಷಣಗಳು. ಈ ಔಷಧಿಯಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ.

ಇದು ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ವಯಸ್ಸಾದಂತೆ ಮೂತ್ರಪಿಂಡದ ಶಕ್ತಿ ಕುಗ್ಗುವುದರಿಂದ, ವರ್ಷಗಳಿಂದ ಒಗ್ಗಿದ್ದ ಡೋಸೇ ಹೆಚ್ಚಾಗಿಬಿಡಬಹುದು. ವಾಂತಿ, ಭೇದಿಯಿಂದ ನೀರಿನಂಶ ಕಡಿಮೆಯಾದರೂ ಹೀಗಾಗುತ್ತದೆ. ಫ್ಯೂರೋಸೆಮೈಡ್‌ನಂಥ ಮೂತ್ರದ ಮಾತ್ರೆಗಳು ರಕ್ತದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಸುತ್ತವೆ. ಆಗ ಡಿಗಾಕ್ಸಿನ್ ಮಟ್ಟ ಸರಿಯಿದ್ದರೂ ಹೃದಯಕ್ಕೆ ಅದರ ಹೊಡೆತ ಹೆಚ್ಚು. ಅಮಿಯೊಡರೋನ್, ವೆರಪಮಿಲ್, ಕ್ಲಾರಿಥ್ರೋಮೈಸಿನ್ ಜೊತೆಗೂಡಿದರೆ ಡಿಗಾಕ್ಸಿನ್ ಮಟ್ಟವೇ ಏರುತ್ತದೆ. ಥೈರಾಯ್ಡ್ ಕೊರತೆಯಿದ್ದರೂ ಅಪಾಯ ಹೆಚ್ಚು.

ಇಂದೇ ವೈದ್ಯರಿಗೆ ತೋರಿಸಿ. ಮುಂದಿನ ಮಾತ್ರೆ ಕೊಡುವ ಮುನ್ನ ಅವರನ್ನು ಕೇಳಿ. ಇಸಿಜಿ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಡಿಗಾಕ್ಸಿನ್ ಮಟ್ಟದ ಪರೀಕ್ಷೆ ಬೇಕಾಗಬಹುದು. ಮಟ್ಟ ನೋಡಲು ರಕ್ತವನ್ನು ಮಾತ್ರೆ ನುಂಗಿ ಕನಿಷ್ಠ 6 ಗಂಟೆಯ ನಂತರ ಕೊಡಬೇಕು. ತಂದೆ ನುಂಗುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯಿದ್ದರೆ ಅದನ್ನೂ, ಜೊತೆಗೆ ಒಯ್ಯಿರಿ.

ನಾಡಿ ನಿಮಿಷಕ್ಕೆ 60ಕ್ಕಿಂತ ಇಳಿದರೆ, ತಲೆಸುತ್ತಿ ಬಿದ್ದರೆ, ಮಾತು ತಡವರಿಸಿ ಗೊಂದಲಗೊಂಡರೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಂಡರೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.