ಅಧಿಕಾರವಿಲ್ಲದ ಹೊಣೆ: ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್ ವೃತ್ತಿ ಕಲಿಸಿದ ಪಾಠಗಳು

ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್ ಹುದ್ದೆಯಲ್ಲಿರುವವರು ರೋಗಿಯನ್ನು ಪರೀಕ್ಷಿಸುವುದಿಲ್ಲ, ಔಷಧ ಬರೆದುಕೊಡುವುದಿಲ್ಲ, ಲ್ಯಾಬ್ ವರದಿಗೆ ಸಹಿ ಹಾಕುವುದೂ ಇಲ್ಲ; ಆದರೂ ಹೊಸ ಔಷಧವೊಂದರ ಬಗ್ಗೆ ಆಸ್ಪತ್ರೆಯಲ್ಲಿ ದಾಖಲಾದ ಮಾಹಿತಿ ನಂಬಲು ಅರ್ಹವೇ, ಪ್ರಯೋಗಕ್ಕೆ ಒಪ್ಪಿದ ವ್ಯಕ್ತಿಯ ಹಕ್ಕು ಮತ್ತು ಕ್ಷೇಮಕ್ಕೆ ಧಕ್ಕೆಯಾಗಿಲ್ಲವೇ ಎಂಬ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದವರು ಅವರೇ. ಔಷಧವನ್ನು ಮನುಷ್ಯರಲ್ಲಿ ನಿಯಮಬದ್ಧವಾಗಿ ಪರೀಕ್ಷಿಸುವ ಅಧ್ಯಯನಕ್ಕೆ ಕ್ಲಿನಿಕಲ್ ಟ್ರಯಲ್ ಎಂದು ಹೆಸರು. ಅದನ್ನು ಕೈಗೊಂಡು ಅದರ ಹೊಣೆ ಹೊರುವ ಕಂಪನಿ ಪ್ರಾಯೋಜಕ ಎನಿಸಿಕೊಂಡರೆ, ಪ್ರಾಯೋಜಕರ ಪರವಾಗಿ ಕೆಲಸ ವಹಿಸಿಕೊಂಡು ನಡೆಸುವ ಸಂಸ್ಥೆಯನ್ನು ಸಿಆರ್‌ಒ ಎಂದೂ, ಟ್ರಯಲ್ ನಡೆಯುವ ಆಸ್ಪತ್ರೆಯನ್ನು ಸೈಟ್ ಎಂದೂ, ಅಲ್ಲಿ ಪೂರ್ಣ ಜವಾಬ್ದಾರಿ ಹೊತ್ತ ವೈದ್ಯರನ್ನು ಪ್ರಧಾನ ಸಂಶೋಧಕರೆಂದೂ ಕರೆಯುತ್ತಾರೆ. ಪ್ರಾಯೋಜಕ ಅಥವಾ ಸಿಆರ್‌ಒ ಕಡೆಯಿಂದ ಸೈಟ್‌ಗೆ ಹೋಗಿ, ಅಲ್ಲಿನ ದಾಖಲೆ, ಔಷಧ ಮತ್ತು ಕಾರ್ಯವಿಧಾನಗಳನ್ನು ನಿಯಮದೊಂದಿಗೆ ತಾಳೆ ನೋಡುವವರೇ ಕ್ಲಿನಿಕಲ್ ರಿಸರ್ಚ್ ಅಸೋಸಿಯೇಟ್, ಅಂದರೆ ಸಿಆರ್‌ಎ. ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡು ರಾಜ್ಯದ ಆಸ್ಪತ್ರೆಗಳಿಗೆ ಓಡಾಡುತ್ತ ಈ ಕೆಲಸದಲ್ಲಿ ಬೆಳೆದ ಅನುಭವ ಈ ಲೇಖನಕ್ಕೆ ಆಧಾರ. ಸೈಟ್‌ನಲ್ಲಿ ಸಿಆರ್‌ಎಗೆ ಯಾರ ಮೇಲೂ ಅಧಿಕಾರವಿಲ್ಲ, ಹೊಣೆ ಮಾತ್ರ ಪೂರ್ತಿ ಇದೆ. ಆ ಕೊರತೆಯನ್ನು ತುಂಬಿಕೊಡುವುದು ನಿಯಮದ ತಿಳಿವಳಿಕೆ, ಬರವಣಿಗೆಯ ಶಿಸ್ತು ಮತ್ತು ನಿಧಾನವಾಗಿ ಗಳಿಸಿದ ವಿಶ್ವಾಸ ಮಾತ್ರ ಎಂಬುದೇ ಆ ಅನುಭವದ ತಿರುಳು.

ಈ ವೃತ್ತಿಗೆ ಬರುವವರು ಮೊದಲು ಓದಬೇಕಾದದ್ದು ನಿಯಮಗಳ ಹಿಂದಿರುವ ಚರಿತ್ರೆಯನ್ನು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿ ವೈದ್ಯರು ಬಂದಿಗಳ ಮೇಲೆ ನಡೆಸಿದ ಪ್ರಯೋಗಗಳ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹೊರಬಂತು. ಸ್ವಇಚ್ಛೆಯ ಒಪ್ಪಿಗೆಯಿಲ್ಲದೆ ಪ್ರಯೋಗವಿಲ್ಲ ಎಂಬುದು ಅದರ ಮೊದಲ ಮಾತು. 1964ರಲ್ಲಿ ವಿಶ್ವ ವೈದ್ಯಕೀಯ ಸಂಘ ಹೆಲ್ಸಿಂಕಿ ಘೋಷಣೆಯನ್ನು ಅಂಗೀಕರಿಸಿತು. ಬೇರೆ ಬೇರೆ ದೇಶಗಳ ಔಷಧ ನಿಯಂತ್ರಣ ಸಂಸ್ಥೆಗಳು ಒಪ್ಪುವಂಥ ಸಮಾನ ಕಾರ್ಯವಿಧಾನವಾಗಿ ಐಸಿಎಚ್ ಎಂಬ ಅಂತರರಾಷ್ಟ್ರೀಯ ವೇದಿಕೆ 1996ರಲ್ಲಿ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಅಂದರೆ ಜಿಸಿಪಿ ಮಾರ್ಗಸೂಚಿಯನ್ನು ರೂಪಿಸಿತು. ಅದು 2016ರಲ್ಲಿ ಪರಿಷ್ಕೃತವಾಗಿ, 2025ರ ಜನವರಿಯಲ್ಲಿ ಮೂರನೆಯ ರೂಪ ಪಡೆಯಿತು. ಭಾರತದಲ್ಲಿ ಇಂದು ಜಾರಿಯಲ್ಲಿರುವುದು 2019ರ ಮಾರ್ಚ್ 19ರಂದು ಪ್ರಕಟವಾದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಇದಕ್ಕೆ ಮೊದಲು, 2013ರ ಸುಮಾರಿಗೆ, ಸುಪ್ರೀಂ ಕೋರ್ಟ್‌ನ ಮುಂದಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ದೇಶದ ಟ್ರಯಲ್‌ಗಳ ಮೇಲ್ವಿಚಾರಣೆಯ ಲೋಪಗಳನ್ನು ಬಯಲಿಗಿಟ್ಟಾಗ, ಪರಿಹಾರಧನದ ನಿಯಮವೂ ಒಪ್ಪಿಗೆಯ ಪ್ರಕ್ರಿಯೆಯನ್ನು ಆಡಿಯೋ-ವಿಡಿಯೋದಲ್ಲಿ ದಾಖಲಿಸುವ ಪದ್ಧತಿಯೂ ಬಂದವು. ಹೊಸ ಟ್ರಯಲ್‌ಗಳು ಕಡಿಮೆಯಾಗಿ ಉದ್ಯೋಗಗಳೂ ಕುಗ್ಗಿದವು. ಆ ವರ್ಷಗಳನ್ನು ಈ ಕ್ಷೇತ್ರದಲ್ಲಿದ್ದು ಕಂಡವರಿಗೆ, ಒಂದು ಒಪ್ಪಿಗೆ ಪತ್ರವನ್ನು ಸರಿಯಾಗಿ ನೋಡುವುದಕ್ಕೂ ಇಡೀ ಕ್ಷೇತ್ರದ ಮೇಲೆ ಜನ ಇಡುವ ನಂಬಿಕೆಗೂ ಇರುವ ಸಂಬಂಧವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರವೇಶದ ದಾರಿ ಒಂದೇ ಅಲ್ಲ. ಬಿ.ಫಾರ್ಮ್., ಎಂ.ಫಾರ್ಮ್. ಓದಿದವರು, 2008ರ ನಿಯಮಾವಳಿಯಂತೆ ಆರಂಭವಾದ ಆರು ವರ್ಷಗಳ ಫಾರ್ಮ್.ಡಿ. ಮುಗಿಸಿದವರು, ಜೀವವಿಜ್ಞಾನದ ಎಂ.ಎಸ್ಸಿ. ಪದವೀಧರರು, ದಂತವೈದ್ಯರು, ಆಯುರ್ವೇದ ವೈದ್ಯರು, ನರ್ಸಿಂಗ್ ಪದವೀಧರರು ಎಲ್ಲರೂ ಇಲ್ಲಿದ್ದಾರೆ. ಆದರೆ ಪದವಿ ಮುಗಿದ ಕೂಡಲೇ ಸಿಆರ್‌ಎ ಕೆಲಸ ಸಿಗುವುದು ಅಪರೂಪ. ಕಂಪನಿಗಳು ಅನುಭವ ಕೇಳುತ್ತವೆ, ಅನುಭವಕ್ಕೆ ಕೆಲಸ ಬೇಕಾಗುತ್ತದೆ. ಈ ಬಿಕ್ಕಟ್ಟಿನಲ್ಲಿ ಹಲವು ಕುಟುಂಬಗಳು ಉದ್ಯೋಗ ಖಚಿತವೆಂದು ಹೇಳುವ ಖಾಸಗಿ ಕೋರ್ಸುಗಳಿಗೆ ಸಾಲ ಮಾಡಿ ಹಣ ಕಟ್ಟುತ್ತವೆ. ಅಂಥ ಕೋರ್ಸು ಪರಿಭಾಷೆಯನ್ನು ಕಲಿಸೀತು, ಆಸ್ಪತ್ರೆಯನ್ನು ಕಲಿಸಲಾರದು. ಅದಕ್ಕಿಂತ ಭದ್ರವಾದ ದಾರಿ ಸೈಟ್‌ನಲ್ಲೇ ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್ ಆಗಿ, ಅಂದರೆ ಸಂಶೋಧಕ ವೈದ್ಯರ ಕೈಕೆಳಗೆ ಟ್ರಯಲ್‌ನ ದಿನನಿತ್ಯದ ಕೆಲಸ ನಡೆಸುವವರಾಗಿ ಸೇರುವುದು, ಇಲ್ಲವೇ ಸಿಆರ್‌ಒದಲ್ಲಿ ದಾಖಲೆಗಳನ್ನು ನೋಡಿಕೊಳ್ಳುವ ಕ್ಲಿನಿಕಲ್ ಟ್ರಯಲ್ ಅಸಿಸ್ಟೆಂಟ್ ಆಗಿ ತೊಡಗುವುದು. ಸಂದರ್ಶನಕ್ಕೆ ಸಿದ್ಧರಾಗುವವರು ಭಾರತದ ಟ್ರಯಲ್‌ಗಳ ಸಾರ್ವಜನಿಕ ನೋಂದಣಿಯಾದ ಸಿಟಿಆರ್‌ಐ ತೆರೆದು ನೋಡಬೇಕು. 2007ರಲ್ಲಿ ಆರಂಭವಾಗಿ 2009ರ ಜೂನ್ 15ರಿಂದ ಕಡ್ಡಾಯವಾದ ಈ ನೋಂದಣಿಯಲ್ಲಿ ಯಾವ ಕಾಯಿಲೆಗೆ, ಯಾವ ಊರಿನ ಯಾವ ಆಸ್ಪತ್ರೆಯಲ್ಲಿ, ಯಾರನ್ನು ಸೇರಿಸಿಕೊಂಡು, ಯಾರನ್ನು ಬಿಟ್ಟು ಪ್ರಯೋಗ ನಡೆಯುತ್ತಿದೆ ಎಂಬುದು ಯಾರು ಬೇಕಾದರೂ ಓದುವಂತಿದೆ.

ಕೋಆರ್ಡಿನೇಟರ್ ಆಗಿ ಕಳೆದ ಕಾಲವನ್ನು ಕೆಳಮಟ್ಟದ ಕೆಲಸವೆಂದು ಬಗೆಯುವವರು ಮುಂದೆ ಅದರ ಕೊರತೆಯನ್ನು ಅನುಭವಿಸುತ್ತಾರೆ. ಓಪಿಡಿಯಲ್ಲಿ ಜನ ಸಾಲುಗಟ್ಟಿ ನಿಂತಿರುವಾಗ ವೈದ್ಯರಿಂದ ಒಂದು ಸಹಿ ಪಡೆಯುವುದು ಎಷ್ಟು ಕಷ್ಟ, ಹಳೆಯ ಕೇಸ್ ಶೀಟನ್ನು ರೆಕಾರ್ಡ್ ರೂಮಿನಿಂದ ತರಿಸಲು ಯಾರನ್ನು ಯಾವಾಗ ಕೇಳಬೇಕು, ಹಳ್ಳಿಯಿಂದ ಬಸ್ಸಿನಲ್ಲಿ ಬರುವ ರೋಗಿ ನಿಗದಿತ ದಿನಕ್ಕೆ ಬರಲಾಗದಿರುವುದು ಸುಗ್ಗಿಯಿಂದಲೋ ಕೂಲಿ ತಪ್ಪುವ ಭಯದಿಂದಲೋ ಎಂಬುದನ್ನು ಪ್ರೋಟೋಕಾಲ್, ಅಂದರೆ ಟ್ರಯಲ್ ಹೇಗೆ ನಡೆಯಬೇಕೆಂದು ವಿಧಿಸುವ ಗ್ರಂಥ, ಹೇಳುವುದಿಲ್ಲ. ಇವನ್ನು ಬಲ್ಲ ಸಿಆರ್‌ಎ ಸೈಟ್‌ನವರಿಂದ ಅಸಾಧ್ಯವಾದುದನ್ನು ಕೇಳುವುದಿಲ್ಲ, ಸಾಧ್ಯವಾದುದನ್ನು ಬಿಟ್ಟುಕೊಡುವುದೂ ಇಲ್ಲ.

ಸಿಆರ್‌ಎ ಕೆಲಸ ನಾಲ್ಕು ಬಗೆಯ ಭೇಟಿಗಳಲ್ಲಿ ಹರಡಿಕೊಂಡಿದೆ: ಆಸ್ಪತ್ರೆಗೆ ಅರ್ಹತೆಯಿದೆಯೇ ಎಂದು ನೋಡುವ ಆಯ್ಕೆಯ ಭೇಟಿ, ತಂಡಕ್ಕೆ ತರಬೇತಿ ಕೊಟ್ಟು ಕೆಲಸ ಆರಂಭಿಸುವ ಇನಿಶಿಯೇಷನ್, ನಿಯತವಾಗಿ ನಡೆಯುವ ಮಾನಿಟರಿಂಗ್, ಕೊನೆಗೆ ಲೆಕ್ಕ ಚುಕ್ತಾ ಮಾಡುವ ಕ್ಲೋಸ್‌ಔಟ್. ಇವುಗಳಲ್ಲಿ ವೃತ್ತಿಯ ನಿಜವಾದ ಶಾಲೆ ಮೂರನೆಯದು. ಕಂಪ್ಯೂಟರ್‌ಗೆ ಏರಿಸಿದ ಮಾಹಿತಿಯನ್ನು ಕೇಸ್ ಶೀಟ್, ಲ್ಯಾಬ್ ವರದಿ, ಇಸಿಜಿ ಮುಂತಾದ ಮೂಲ ದಾಖಲೆಗಳೊಂದಿಗೆ ಹೋಲಿಸಿ ನೋಡುವುದನ್ನು ಸೋರ್ಸ್ ಡೇಟಾ ವೆರಿಫಿಕೇಷನ್ ಎನ್ನುತ್ತಾರೆ. ಮೂಲ ದಾಖಲೆಯನ್ನು ಯಾರು ಬರೆದರೆಂಬುದು ತಿಳಿಯಬೇಕು, ಅದು ಓದಲು ಬರಬೇಕು, ಘಟನೆ ನಡೆದಾಗಲೇ ಬರೆದದ್ದಾಗಿರಬೇಕು, ಮೊದಲ ಪ್ರತಿಯಾಗಿರಬೇಕು, ನಿಖರವಾಗಿರಬೇಕು ಎಂಬ ಐದು ಗುಣಗಳನ್ನು ಆಲ್ಕೋವಾ ಎಂಬ ಸಂಕ್ಷಿಪ್ತ ಹೆಸರಿನಿಂದ ನೆನಪಿಡುತ್ತಾರೆ. ಹೊಸಬರು ಅಂಕಿಗೆ ಅಂಕಿ ಹೊಂದಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಅನುಭವ ಕಲಿಸುವುದು ಎರಡು ಕಾಗದಗಳ ನಡುವಿನ ಕಾಲವನ್ನು ಓದುವುದನ್ನು.

ಒಪ್ಪಿಗೆ ಪತ್ರವನ್ನೇ ತೆಗೆದುಕೊಳ್ಳಬಹುದು. ಸಹಿ ಇದೆಯೇ ಎಂದಷ್ಟೇ ನೋಡಿದರೆ ಸಾಲದು. ನೈತಿಕ ಸಮಿತಿ, ಅಂದರೆ ಭಾಗವಹಿಸುವವರ ಹಿತವನ್ನು ಕಾಯಲು ವೈದ್ಯರ ಜೊತೆಗೆ ಕಾನೂನು ತಜ್ಞರೂ ಸಾಮಾನ್ಯ ನಾಗರಿಕರೂ ಸೇರಿರುವ ಮಂಡಲಿ, ಕಡೆಯ ಬಾರಿ ಅನುಮೋದಿಸಿದ ಆವೃತ್ತಿಯೇ ಇದೋ ಎಂದು ನೋಡಬೇಕು. ಓದಲು ಬಾರದವರು ಹೆಬ್ಬೆಟ್ಟು ಒತ್ತಿದ್ದರೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯ ಸಹಿ ಇದೆಯೇ, ಪತ್ರದ ಒಂದು ಪ್ರತಿ ಅವರ ಕೈಸೇರಿದೆಯೇ ಎಂದು ನೋಡಬೇಕು. ಬಳಿಕ ಸಹಿಯ ಪಕ್ಕದಲ್ಲಿ ಬರೆದ ಸಮಯವನ್ನು ಅದೇ ದಿನದ ಲ್ಯಾಬ್ ವರದಿಯಲ್ಲಿ ರಕ್ತ ತೆಗೆದ ಸಮಯದ ಪಕ್ಕದಲ್ಲಿಟ್ಟು ನೋಡಬೇಕು. ಸಹಿ ಹತ್ತೂಕಾಲಕ್ಕೆ ಬಿದ್ದಿದ್ದು, ಟ್ರಯಲ್‌ಗೆಂದೇ ತೆಗೆದ ರಕ್ತದ ಸಮಯ ಒಂಬತ್ತು ನಲವತ್ತೆಂದು ಕಂಡರೆ, ಒಪ್ಪಿಗೆಗೆ ಮುನ್ನವೇ ಒಬ್ಬ ಮನುಷ್ಯನ ಮೈಮುಟ್ಟಲಾಗಿದೆ ಎಂದರ್ಥ. ಆಗ ಸಮಯವನ್ನು ಸರಿಪಡಿಸಿಬಿಡಿ ಎಂಬ ಮಾತು ಸಿಆರ್‌ಎ ಬಾಯಿಂದ ಎಂದಿಗೂ ಬರಕೂಡದು. ಇದ್ದುದನ್ನು ಇದ್ದಂತೆಯೇ ಬಿಟ್ಟು, ನಡೆದದ್ದೇನೆಂದು ಸಂಶೋಧಕರಿಂದ ಅಂದಿನ ದಿನಾಂಕ ಹಾಕಿಸಿ ಬರೆಸಿ, ಪ್ರೋಟೋಕಾಲ್ ಉಲ್ಲಂಘನೆಯೆಂದು ದಾಖಲಿಸಿ, ನೈತಿಕ ಸಮಿತಿಗೆ ತಿಳಿಸುವಂತೆ ನೋಡಿಕೊಂಡು, ಮತ್ತೆ ಹಾಗಾಗದಂತೆ ತಂಡಕ್ಕೆ ತರಬೇತಿ ಕೊಡಿಸುವುದೇ ಸರಿಯಾದ ಮಾರ್ಗ.

ಔಷಧದ ಫ್ರಿಜ್ಜಿನ ಉಷ್ಣಾಂಶದ ಪಟ್ಟಿ ಮತ್ತೊಂದು ನಿದರ್ಶನ. ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕಾದ ಚುಚ್ಚುಮದ್ದಿನ ಪಟ್ಟಿಯಲ್ಲಿ ಇಡೀ ತಿಂಗಳು ಒಂದೇ ಅಂಕಿ, ಒಂದೇ ಶಾಯಿ, ಒಂದೇ ಓರೆಯ ಕೈಬರಹ, ಭಾನುವಾರ ಮತ್ತು ದೀಪಾವಳಿಯಂದೂ ಅದೇ ಸಿಬ್ಬಂದಿಯ ಇನಿಷಿಯಲ್ ಕಂಡರೆ, ತಪ್ಪಿಲ್ಲದ ಆ ಪಟ್ಟಿಯೇ ಅನುಮಾನಕ್ಕೆ ಎಡೆಮಾಡಬೇಕು. ಆಗ ಹಾಜರಿ ಪುಸ್ತಕವನ್ನೂ ಉಷ್ಣಾಂಶವನ್ನು ತಾನಾಗಿ ದಾಖಲಿಸುವ ಯಂತ್ರದ ಮಾಹಿತಿಯನ್ನೂ ಕೇಳಿ ನೋಡಬೇಕಾಗುತ್ತದೆ. ವಿದ್ಯುತ್ ಹೋಗಿ ಉಷ್ಣಾಂಶ ಏರಿದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟ ಸೈಟ್, ಯಾವ ಏರಿಳಿತವನ್ನೂ ತೋರಿಸದ ಸೈಟ್‌ಗಿಂತ ಹೆಚ್ಚು ನಂಬಲರ್ಹ; ಏಕೆಂದರೆ ಮೊದಲನೆಯದರಲ್ಲಿ ಆ ಔಷಧವನ್ನು ಬೇರೆ ಇರಿಸಿ, ಬಳಸಬಹುದೇ ಎಂದು ಪ್ರಾಯೋಜಕರನ್ನು ಕೇಳಲು ಅವಕಾಶವಿರುತ್ತದೆ, ಎರಡನೆಯದರಲ್ಲಿ ಕೆಟ್ಟ ಔಷಧ ಯಾರ ಮೈಸೇರಿತೆಂಬುದು ಯಾರಿಗೂ ತಿಳಿಯುವುದಿಲ್ಲ.

ಹೊಸಬರ ಕಣ್ಣಿಗೆ ಬೀಳದೆ ಉಳಿಯುವ ಇನ್ನೊಂದು ಸಂಗತಿ ಗಂಭೀರ ಪ್ರತಿಕೂಲ ಘಟನೆ. ಸಾವು, ಜೀವಾಪಾಯ, ಆಸ್ಪತ್ರೆಗೆ ದಾಖಲಾಗುವುದು ಅಥವಾ ಅಲ್ಲಿನ ವಾಸ ದೀರ್ಘವಾಗುವುದು, ಶಾಶ್ವತ ಊನ, ಹುಟ್ಟುವ ಮಗುವಿನಲ್ಲಿ ನ್ಯೂನತೆ ಇವೆಲ್ಲ ಈ ಹೆಸರಿನಡಿ ಬರುತ್ತವೆ. ಮಧುಮೇಹದ ಟ್ರಯಲ್‌ನಲ್ಲಿರುವವರೊಬ್ಬರು ಡೆಂಗಿ ಜ್ವರಕ್ಕೆ ಊರಿನ ನರ್ಸಿಂಗ್ ಹೋಮ್‌ನಲ್ಲಿ ಮೂರು ದಿನ ಮಲಗಿದ್ದೆನೆಂದು ಮಾತಿನ ನಡುವೆ ಹೇಳಿ, ಅದು ಕೇಸ್ ಶೀಟಿನಲ್ಲಿ ಒಂದು ಸಾಲಾಗಿ ಉಳಿದುಹೋಗಬಹುದು. ಡೆಂಗಿಗೂ ಔಷಧಕ್ಕೂ ಸಂಬಂಧವೇನೆಂದು ಕೇಳಿ ಅದನ್ನು ಬಿಡುವಂತಿಲ್ಲ; ಸಂಬಂಧವಿದೆಯೇ ಎಂಬುದು ನಂತರದ ವಿಚಾರ, ದಾಖಲಾದದ್ದೇ ವರದಿಗೆ ಸಾಕಾದ ಕಾರಣ. ಭಾರತದ ನಿಯಮದಂತೆ ಸಂಶೋಧಕರು 24 ಗಂಟೆಯೊಳಗೆ ಕೇಂದ್ರ ಔಷಧ ನಿಯಂತ್ರಕರಿಗೆ, ಪ್ರಾಯೋಜಕರಿಗೆ ಮತ್ತು ನೈತಿಕ ಸಮಿತಿಗೆ ತಿಳಿಸಬೇಕು, ತಡವಾದರೆ ಕಾರಣ ಕೊಡಬೇಕು, ವಿಶ್ಲೇಷಣೆಯ ವರದಿ 14 ದಿನಗಳೊಳಗೆ ಹೋಗಬೇಕು. ಆ ಒಂದು ಸಾಲನ್ನು ಕಂಡುಹಿಡಿಯುವವರೆಗೂ ಕೇಸ್ ಶೀಟನ್ನು ಪೂರ್ತಿ ಓದುವ ತಾಳ್ಮೆಯೇ ಈ ವೃತ್ತಿಯ ಮೂಲ ಬಂಡವಾಳ.

ಕಂಡದ್ದನ್ನು ಬರೆಯುವ ಕಲೆ ಅಷ್ಟೇ ಮುಖ್ಯ. ಪ್ರತಿ ಭೇಟಿಯ ನಂತರ ವರದಿಯೂ ಸಂಶೋಧಕರಿಗೆ ಪತ್ರವೂ ಹೋಗುತ್ತವೆ. ದಾಖಲೆಗಳು ಸಮರ್ಪಕವಾಗಿಲ್ಲ ಎಂಬಂಥ ವಾಕ್ಯ ಯಾರಿಗೂ ಉಪಯೋಗವಿಲ್ಲ. ಯಾವ ಭಾಗಿಯ ಯಾವ ಭೇಟಿಯಲ್ಲಿ ಯಾವ ಕಾಗದ ಇಲ್ಲ, ಅದನ್ನು ಯಾರು ಯಾವ ದಿನಾಂಕದೊಳಗೆ ಸರಿಪಡಿಸುತ್ತಾರೆ ಎಂದು ಬರೆದಾಗ ಮಾತ್ರ, ವರ್ಷಗಳ ನಂತರ ತಪಾಸಣೆಗೆ ಬಂದ ಅಧಿಕಾರಿಗೆ ಅಂದು ಏನಾಯಿತೆಂಬುದು ಗೊತ್ತಾಗುತ್ತದೆ. ವರದಿಯಲ್ಲಿ ಊಹೆಗೂ ವ್ಯಕ್ತಿನಿಂದೆಗೂ ಎಡೆಯಿಲ್ಲ.

ವಯಸ್ಸಿನಲ್ಲಿ, ವಿದ್ಯೆಯಲ್ಲಿ, ಕೀರ್ತಿಯಲ್ಲಿ ಬಹಳ ಹಿರಿಯರಾದ ವೈದ್ಯರ ಮುಂದೆ ಕುಳಿತು ಲೋಪವನ್ನು ಹೇಳಬೇಕಾದಾಗ ಅಧಿಕಾರವಿಲ್ಲದ ಹೊಣೆಯ ಭಾರ ಪೂರ್ತಿ ಅರಿವಿಗೆ ಬರುತ್ತದೆ. ಸಾರ್, ಇಲ್ಲಿ ಹೀಗಾಗಿದೆ, ನಿಯಮ ಹೀಗಿದೆ, ರೋಗಿಗೆ ಇದರಿಂದ ಹೀಗೆ ತೊಂದರೆಯಾಗಬಹುದು ಎಂದು ಕಾಗದವನ್ನು ಮುಂದಿಟ್ಟು ಹೇಳುವವರ ಮಾತನ್ನು ಹೆಚ್ಚಿನ ವೈದ್ಯರು ಕೇಳುತ್ತಾರೆ. ಹೆಡ್ ಆಫೀಸಿನವರು ಕೇಳುತ್ತಿದ್ದಾರೆ ಎಂದು ಒತ್ತಡ ಹೇರುವವರ ಮಾತನ್ನು ಕೇಳುವುದಿಲ್ಲ. ಕೋಆರ್ಡಿನೇಟರನ್ನು ವೈದ್ಯರ ಎದುರು ಅವಮಾನಿಸಿದರೆ ಆ ಸೈಟ್‌ನಲ್ಲಿ ಮುಂದೆ ಯಾರೂ ತಪ್ಪನ್ನು ತಾವಾಗಿ ಹೇಳಿಕೊಳ್ಳುವುದಿಲ್ಲ. ಅದೇ ಹೊತ್ತಿಗೆ ಸ್ನೇಹ ಎಷ್ಟೇ ಬೆಳೆದರೂ, ಮತ್ತೆ ಮತ್ತೆ ತಿಳಿಸಿದರೂ ಸರಿಹೋಗದ ಲೋಪವನ್ನು ಮೇಲಿನವರಿಗೆ ತಿಳಿಸದೆ ಉಳಿಸಿಕೊಳ್ಳುವುದು ಸೌಜನ್ಯವಲ್ಲ, ಕರ್ತವ್ಯಲೋಪ.

ಈ ವೃತ್ತಿ ದೇಹವನ್ನೂ ಮನೆಯನ್ನೂ ದಣಿಸುತ್ತದೆ. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೋ ಕಲಬುರಗಿಗೋ ಮಂಗಳೂರಿಗೋ ಹೋಗಿ, ಬೆಳಿಗ್ಗೆ ಆಸ್ಪತ್ರೆಯಲ್ಲಿ ಕುಳಿತು, ರಾತ್ರಿ ಲಾಡ್ಜಿನಲ್ಲಿ ವರದಿ ಬರೆಯುವ ದಿನಚರಿ ವರ್ಷಗಟ್ಟಲೆ ನಡೆಯುತ್ತದೆ. ಚಿಕ್ಕ ಮಕ್ಕಳಿರುವ ಮಹಿಳೆಯರು ಈ ಹಂತದಲ್ಲಿಯೇ ಕೆಲಸ ಬಿಡುವುದುಂಟು. ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮುನ್ನ ಸಂಬಳದ ಜೊತೆಗೆ, ಒಬ್ಬರ ಪಾಲಿಗೆ ಎಷ್ಟು ಸೈಟ್‌ಗಳು, ತಿಂಗಳಿಗೆ ಎಷ್ಟು ದಿನ ಪ್ರಯಾಣ, ವರದಿಗೆಂದು ಬಿಡುವಿದೆಯೇ ಎಂದು ಕೇಳುವುದು ಜಾಣತನ. ಸೈಟ್‌ಗಳು ಮಿತಿಮೀರಿದರೆ ಮೊದಲು ಕುಸಿಯುವುದು ಓದಿನ ಆಳ. ಸೀನಿಯರ್ ಸಿಆರ್‌ಎ, ಲೀಡ್, ಟ್ರಯಲ್ ಮ್ಯಾನೇಜರ್ ಎಂಬ ಮೆಟ್ಟಿಲುಗಳನ್ನು ಬೇಗ ಏರಬೇಕೆಂದು ಆಗಾಗ ಕಂಪನಿ ಬದಲಿಸುವವರು ಒಂದು ಟ್ರಯಲ್ಲನ್ನೂ ಆರಂಭದಿಂದ ಕ್ಲೋಸ್‌ಔಟ್‌ವರೆಗೆ ಕಂಡಿರುವುದಿಲ್ಲ. ಮೊದಲು ಬಿಟ್ಟ ಸಡಿಲ ಗಂಟು ಕೊನೆಯಲ್ಲಿ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬ ಪಾಠ ಅವರಿಗೆ ಸಿಗುವುದಿಲ್ಲ.

ಕೆಲಸದ ಸ್ವರೂಪವೂ ಬದಲಾಗುತ್ತಿದೆ. 2020ರಲ್ಲಿ ಮೈಸೂರಿನ ಜೆಎಸ್‌ಎಸ್ ಮತ್ತು ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಗಳು ಕೋವಿಡ್ ಲಸಿಕೆಗಳ ಟ್ರಯಲ್‌ಗೆ ಕೇಂದ್ರಗಳಾದಾಗ ಈ ಕ್ಷೇತ್ರದ ಹೆಸರು ರಾಜ್ಯದ ಮನೆಮನೆಗೂ ತಲುಪಿತು. ಅದೇ ವರ್ಷ ಲಾಕ್‌ಡೌನ್‌ನಿಂದ ಪ್ರಯಾಣ ನಿಂತು, ದೂರದಿಂದಲೇ ಮಾಹಿತಿ ಪರಿಶೀಲಿಸುವ ರಿಮೋಟ್ ಮಾನಿಟರಿಂಗ್ ವ್ಯಾಪಕವಾಯಿತು. ಎಲ್ಲ ಅಂಕಿಗಳನ್ನೂ ನೋಡುವ ಬದಲು ಅಪಾಯ ಹೆಚ್ಚಿರುವಲ್ಲಿ ಗಮನವಿಡಬೇಕೆಂಬುದು ಜಿಸಿಪಿಯ ಈಚಿನ ಪರಿಷ್ಕರಣೆಗಳ ಆಶಯ. ತಿಂಗಳುಗಟ್ಟಲೆ ಬದಲಾಗದ ಅಂಕಿಯನ್ನು ಸಾಫ್ಟ್‌ವೇರ್ ಸಹ ಗುರುತಿಸಬಲ್ಲದು. ಅದರ ಕಾರಣವನ್ನು ಫಾರ್ಮಸಿಯ ಸಿಬ್ಬಂದಿಯಿಂದ ಭಯಪಡಿಸದೆ ಕೇಳಿ ತಿಳಿಯುವ ಕೆಲಸ ಮನುಷ್ಯರದೇ ಆಗಿ ಉಳಿದಿದೆ.

ಆ ಬಗೆಯ ಕೇಳುವಿಕೆಯನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ. ಹಿರಿಯ ಸಿಆರ್‌ಎ ಪಕ್ಕದಲ್ಲಿ ಕುಳಿತು ನೋಡಿದವರಿಗೆ ಮಾತ್ರ ಅದು ದಕ್ಕುತ್ತದೆ. ಆದ್ದರಿಂದ ಹೊಸಬರನ್ನು ಕೆಲವು ಭೇಟಿಗಳಿಗೆ ಜೊತೆಯಲ್ಲಿ ಕರೆದೊಯ್ಯುವ ಪದ್ಧತಿಯನ್ನು ಖರ್ಚಿನ ನೆಪದಲ್ಲಿ ಕಡಿತಗೊಳಿಸಬಾರದು, ಅನುಭವಿಗಳು ಅದನ್ನು ಹೆಚ್ಚುವರಿ ಹೊರೆಯೆಂದು ತಳ್ಳಬಾರದು. ಜೊತೆಗೆ ಬಂದವರಿಂದಲೇ ಕೇಸ್ ಶೀಟ್ ಓದಿಸಿ, ಅವರ ಕೈಯಲ್ಲೇ ವರದಿಯ ಕರಡು ಬರೆಸಿ, ಸಾಲು ಸಾಲಾಗಿ ತಿದ್ದಿಕೊಡಬೇಕು. ಹಿರಿಯ ವೈದ್ಯರ ಮುಂದೆ ಕಹಿಯಾದ ಮಾತನ್ನು ಗೌರವದಿಂದ ಆಡುವುದು ಹೇಗೆಂದು ಆಡಿ ತೋರಿಸಬೇಕು. ನಮ್ಮ ಊರುಗಳ ಜನ ತಮ್ಮ ದೇಹವನ್ನು ನಂಬಿಕೆಯಿಂದ ಒಪ್ಪಿಸುವ ಈ ಕ್ಷೇತ್ರದಲ್ಲಿ, ತನ್ನಷ್ಟೇ ಎಚ್ಚರದಿಂದ ಓದುವ ಇನ್ನೊಬ್ಬರನ್ನು ತಯಾರು ಮಾಡಿದಾಗ ಮಾತ್ರ ಸಿಆರ್‌ಎ ಒಬ್ಬರ ವೃತ್ತಿ ನಿಜವಾಗಿ ಬೆಳೆಯಿತೆಂದು ಹೇಳಬಹುದು.